ವಿಷ ಕಳೆಯುವ ಕಿಣ್ವಗಳೂ ಮೂತ್ರಾಶಯದ ಏಡಿಗಂತಿಯೂ

ಬಣ್ಣದ ಬಟ್ಟೆಯನ್ನು ಮೆಚ್ಚದವರು ಯಾರಿದ್ದಾರೆ? ಹಬ್ಬಕ್ಕೆ ಕೊಂಡ ಸೀರೆಯ ಕೆಂಪು, ಮಗುವಿನ ಲಂಗದ ನೇರಿಳೆ, ಇವೆಲ್ಲ ಒಂದು ಕಾಲಕ್ಕೆ ಗಿಡದ ಬೇರಿನಿಂದಲೋ ಎಲೆಯಿಂದಲೋ ಅರಗಿನ ಹುಳುವಿನಿಂದಲೋ ಬರಬೇಕಾಗಿದ್ದವು. ೧೮೫೬ರಲ್ಲಿ ಲಂಡನ್ನಿನ ವಿಲಿಯಂ ಹೆನ್ರಿ ಪರ್ಕಿನ್ ಎಂಬ ಹದಿನೆಂಟು ವರ್ಷದ ತರುಣನು ಕ್ವಿನೈನನ್ನು ತಯಾರಿಸಲು ಹೊರಟು, ಕಲ್ಲಿದ್ದಲಿನ ಟಾರಿನಿಂದ ದೊರೆಯುವ ಅನಿಲಿನ್ ಎಂಬ ದ್ರವ್ಯದಿಂದ ನೇರಿಳೆ ಬಣ್ಣವೊಂದನ್ನು ಪಡೆದನು. ಕ್ವಿನೈನು ಸಿಕ್ಕಲಿಲ್ಲ, ಆದರೆ ಬಣ್ಣದ ಕಾರ್ಖಾನೆಗಳು ಯೂರೋಪಿನಲ್ಲೆಲ್ಲ ತಲೆ ಎತ್ತಿದವು. ಸುಮಾರು ನಾಲ್ಕು ದಶಕಗಳು ಕಳೆದ ಮೇಲೆ, ೧೮೯೫ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್ ಒಂದು ವಿಚಿತ್ರವನ್ನು ಗಮನಿಸಿದನು. ಫುಕ್ಸಿನ್ ಎಂಬ ಕೆಂಪು ಬಣ್ಣವನ್ನು ತಯಾರಿಸುವ ಕೆಲಸದಲ್ಲಿದ್ದ ೪೫ ಮಂದಿಯಲ್ಲಿ ಮೂವರಿಗೆ ಮೂತ್ರಾಶಯದಲ್ಲಿ ಗಂತಿ ಎದ್ದಿತ್ತು. ಇದೇ ರೆನ್ ಮಾರನೆಯ ವರ್ಷ, ಚೂರಿಯ ಇರಿತದಿಂದ ಗಾಯವಾದ ಹೃದಯಕ್ಕೆ ಹೊಲಿಗೆ ಹಾಕಿ ರೋಗಿಯನ್ನು ಬದುಕಿಸಿ ಹೆಸರಾದನು. ನನ್ನ ಮಟ್ಟಿಗೆ ಆ ಮೂವರು ಕೂಲಿಗಾರರನ್ನು ಲೆಕ್ಕಕ್ಕೆ ಹಿಡಿದದ್ದೇ ಅವನ ದೊಡ್ಡ ಕೆಲಸ.

ಮೂತ್ರಾಶಯ ಎಂದರೆ ಮೂತ್ರಪಿಂಡವಲ್ಲ. ಈ ಎರಡನ್ನೂ ಸೇರಿಸಿ 'ಕಿಡ್ನಿ' ಎಂದುಬಿಡುವ ರೂಢಿ ನಮ್ಮಲ್ಲಿದೆ. ಬೆನ್ನಿನ ಎರಡು ಮಗ್ಗುಲಲ್ಲಿರುವ ಮೂತ್ರಪಿಂಡಗಳು ರಕ್ತವನ್ನು ಸೋಸುತ್ತವೆ. ಸೋಸಿ ಬಂದ ನೀರು ಎರಡು ನಾಳಗಳಲ್ಲಿ ಇಳಿದು ಕಿಬ್ಬೊಟ್ಟೆಯಲ್ಲಿರುವ ಮೂತ್ರಾಶಯವೆಂಬ ಚೀಲದಲ್ಲಿ ನಿಲ್ಲುತ್ತದೆ. ಹರಿಯುವ ಕಾಲುವೆಗೂ ನಿಂತ ಕೆರೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನೆಯಬೇಕು. ಕಾಲುವೆಯಲ್ಲಿ ಕೊಳೆ ಕ್ಷಣಮಾತ್ರ ತಂಗಿ ಮುಂದಕ್ಕೆ ಹೋಗುತ್ತದೆ. ಕೆರೆಯಲ್ಲಿ ಅದು ಗಂಟೆಗಟ್ಟಲೆ ದಡವನ್ನು ತೊಳೆಯುತ್ತ ನಿಲ್ಲುತ್ತದೆ. ಆದ್ದರಿಂದಲೇ ಬಣ್ಣದ ಪುಡಿಯನ್ನು ಮುಟ್ಟಿದ ಕೈಗೂ ಉಸಿರಿನಲ್ಲಿ ಎಳೆದುಕೊಂಡ ಮೂಗಿಗೂ ತಗಲದ ಗಂತಿ, ದೂರದಲ್ಲಿ ಅಡಗಿರುವ ಈ ಚೀಲದ ಒಳಪೊರೆಗೆ ತಗಲಿತು. ರೆನ್ ಕೂಡ ಮೂತ್ರದ ಮೂಲಕವೇ ಈ ಕೇಡು ಬರುತ್ತದೆಂದು ಊಹಿಸಿದ್ದನು.

ಕೇಡಿನ ಹೆಸರು ತಿಳಿಯಲು ಇನ್ನೂ ಹಲವು ವರ್ಷ ಹಿಡಿಯಿತು. ಮುಖ್ಯ ಅಪರಾಧಿಗಳು ಬಣ್ಣದ ತಯಾರಿಕೆಯಲ್ಲಿ ಬಳಸುತ್ತಿದ್ದ ಬೀಟಾ-ನ್ಯಾಫ್ತಿಲಮೀನ್ ಮತ್ತು ಬೆಂಜಿಡಿನ್ ಎಂಬ ಎರಡು ದ್ರವ್ಯಗಳು. ಇವೂ ಇವುಗಳ ಸೋದರಸಂಬಂಧಿಗಳೂ ಆರೊಮ್ಯಾಟಿಕ್ ಅಮೀನುಗಳೆಂಬ ಒಂದೇ ವಂಶಕ್ಕೆ ಸೇರಿದವು. ೧೯೫೪ರಲ್ಲಿ ರಾಬರ್ಟ್ ಕೇಸ್ ಮತ್ತು ಅವರ ಸಂಗಡಿಗರು ಬ್ರಿಟನ್ನಿನ ಬಣ್ಣದ ಕಾರ್ಖಾನೆಗಳ ಕೆಲಸಗಾರರ ಹಳೆಯ ದಾಖಲೆಗಳನ್ನು ಜಾಲಾಡಿ ಇದನ್ನು ಅಂಕೆ ಸಂಖ್ಯೆಗಳಿಂದ ಸ್ಥಾಪಿಸಿದರು. ಬೀಟಾ-ನ್ಯಾಫ್ತಿಲಮೀನನ್ನು ಬಟ್ಟಿ ಇಳಿಸುವ ಕೆಲಸದಲ್ಲಿದ್ದವರೆಲ್ಲರೂ, ಒಬ್ಬರೂ ಉಳಿಯದಂತೆ, ಈ ರೋಗಕ್ಕೆ ತುತ್ತಾದ ಕಾರ್ಖಾನೆಯೂ ಆ ದೇಶದಲ್ಲಿತ್ತು. ಬ್ರಿಟನ್ನು ೧೯೪೯ರಲ್ಲಿಯೇ ಅದರ ತಯಾರಿಕೆಯನ್ನು ನಿಲ್ಲಿಸಿತ್ತು. ಆದರೆ ಈ ರೋಗ ಕೆಲಸ ಬಿಟ್ಟ ಹದಿನೈದು ಇಪ್ಪತ್ತು ವರ್ಷಗಳ ಮೇಲೆಯೂ ಕಾಣಿಸಿಕೊಳ್ಳುವುದುಂಟು. ಕಾರ್ಖಾನೆಯ ಬಾಗಿಲು ಮುಚ್ಚಿದರೂ ಕಾಯಿಲೆಯ ಬಾಗಿಲು ಮುಚ್ಚಿರಲಿಲ್ಲ.

ಇಲ್ಲಿ ಒಂದು ತೊಡಕು ಎದುರಾಯಿತು. ಇಲಿಗಳಿಗೆ ಬೀಟಾ-ನ್ಯಾಫ್ತಿಲಮೀನನ್ನು ತಿನ್ನಿಸಿ ನೋಡಿದರೆ ಅವುಗಳ ಮೂತ್ರಾಶಯಕ್ಕೆ ಹೇಳಿಕೊಳ್ಳುವಂಥ ಕೇಡಾಗಲಿಲ್ಲ. ಆದರೆ ಅಮೆರಿಕದಲ್ಲಿ ವಿಲ್ಹೆಲ್ಮ್ ಹ್ಯೂಪರ್ ಎಂಬ ವಿಜ್ಞಾನಿ ೧೯೩೦ರ ದಶಕದ ಕೊನೆಯಲ್ಲಿ ಅದನ್ನೇ ನಾಯಿಗಳಿಗೆ ಕೊಟ್ಟಾಗ, ಮನುಷ್ಯರಲ್ಲಿ ಕಂಡಂಥದೇ ಗಂತಿಗಳು ಎದ್ದವು. ವಿಷ ಒಂದೇ, ಇಲಿಗೆ ಒಂದು ಫಲ, ನಾಯಿಗೆ ಇನ್ನೊಂದು. ಹೀಗೇಕೆ? ಉತ್ತರ ವಿಷದಲ್ಲಿರಲಿಲ್ಲ, ವಿಷವನ್ನು ಕಳೆಯುವ ಕಿಣ್ವಗಳಲ್ಲಿತ್ತು.

ಕಿಣ್ವವೆಂದರೇನು? ಒಂದು ತುತ್ತು ಅನ್ನವನ್ನು ನುಂಗದೆ ಚೆನ್ನಾಗಿ ಅಗಿಯುತ್ತ ಹೋಗಿ. ಸ್ವಲ್ಪ ಹೊತ್ತಿಗೆ ಬಾಯಿ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಕಿಣ್ವವೊಂದು ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆದದ್ದರ ಫಲ ಅದು. ಹೀಗೆ ತಾನು ಸವೆಯದೆ ಇನ್ನೊಂದು ದ್ರವ್ಯವನ್ನು ಮಾರ್ಪಡಿಸುವ ಪ್ರೋಟೀನುಗಳು ನಮ್ಮ ದೇಹದಲ್ಲಿ ಸಾವಿರಾರು ಇವೆ. ಅವುಗಳಲ್ಲಿ ಒಂದು ಪಂಗಡದ ಕೆಲಸವೇ ದೇಹಕ್ಕೆ ಬೇಡವಾದ ದ್ರವ್ಯಗಳನ್ನು ಸಾಗಹಾಕುವುದು. ಈ ಪಂಗಡದ ಮುಖ್ಯ ನೆಲೆ ಯಕೃತ್ತು.

ಸಾಗಹಾಕುವುದು ಅಷ್ಟು ಸುಲಭವಲ್ಲ. ಅಭ್ಯಂಜನದ ದಿನ ಮೈಗೆ ಹಚ್ಚಿದ ಎಣ್ಣೆಯ ಮೇಲೆ ಎಷ್ಟು ತಂಬಿಗೆ ನೀರು ಸುರಿದರೇನು? ಜಾರಿ ಹೋಗುವುದು ನೀರೇ ಹೊರತು ಎಣ್ಣೆಯಲ್ಲ. ಸೀಗೆಪುಡಿ ಹಚ್ಚಿದ ಮೇಲೆ ತಾನೆ ಅದು ನೀರಿನೊಡನೆ ಕಲೆತು ಹೋಗುವುದು? ದೇಹದೊಳಕ್ಕೆ ಬರುವ ಅನೇಕ ವಿಷಗಳೂ ಎಣ್ಣೆಯ ಜಾತಿಯವು. ಮೂತ್ರದಲ್ಲಿ ಕರಗಿ ಹೋಗಲಾರವು. ಆದ್ದರಿಂದ ಯಕೃತ್ತು ಎರಡು ಮಜಲಿನಲ್ಲಿ ಕೆಲಸ ನಡೆಸುತ್ತದೆ. ಮೊದಲನೆಯ ಮಜಲಿನ ಕಿಣ್ವಗಳು ವಿಷದ ಅಣುವಿಗೆ ಆಮ್ಲಜನಕವನ್ನು ತಗುಲಿಸಿ ಒಂದು ಹಿಡಿ ಮಾಡಿಕೊಡುತ್ತವೆ. ಎರಡನೆಯ ಮಜಲಿನ ಕಿಣ್ವಗಳು ಆ ಹಿಡಿಗೆ ನೀರಿನಲ್ಲಿ ಕರಗುವ ಇನ್ನೊಂದು ವಸ್ತುವನ್ನು ಜೋಡಿಸುತ್ತವೆ. ಜೋಡಿಸುವ ಈ ವಸ್ತು ಕೆಲವೊಮ್ಮೆ ಗ್ಲುಟಾಥಯೋನ್, ಕೆಲವೊಮ್ಮೆ ಗ್ಲೂಕುರಾನಿಕ್ ಆಮ್ಲ. ಇನ್ನು ಕೆಲವೊಮ್ಮೆ ಅಸಿಟೈಲ್ ಎಂಬ ಪುಟ್ಟ ತುಣುಕನ್ನು ಅಂಟಿಸುವುದುಂಟು. ಇದು ನೀರಿನಲ್ಲಿ ಕರಗಿಸಲೆಂದಲ್ಲ, ವಿಷದ ಹಲ್ಲಿಗೆ ಮುಚ್ಚಳ ಹಾಕಲೆಂದು.

ಅಪಾಯವಿರುವುದು ಎರಡು ಮಜಲುಗಳ ನಡುವಣ ಹಾದಿಯಲ್ಲಿ. ಮೊದಲನೆಯ ಮಜಲನ್ನು ದಾಟಿದ ಆರೊಮ್ಯಾಟಿಕ್ ಅಮೀನು ಮೊದಲಿದ್ದುದಕ್ಕಿಂತ ಹೆಚ್ಚು ಉಗ್ರವಾಗಿರುತ್ತದೆ. ಯಕೃತ್ತು ಅದಕ್ಕೆ ಗ್ಲೂಕುರಾನಿಕ್ ಆಮ್ಲವನ್ನು ಕಟ್ಟಿ ಮೂತ್ರಕ್ಕೆ ಕಳುಹಿಸಿತೆನ್ನಿ. ಮೂತ್ರ ಸಾಮಾನ್ಯವಾಗಿ ಸ್ವಲ್ಪ ಹುಳಿ. ಆ ಹುಳಿಯಲ್ಲಿ ಕಟ್ಟು ಸಡಿಲಗೊಂಡು ಒಳಗಿದ್ದ ಉಗ್ರ ದ್ರವ್ಯ ಮತ್ತೆ ಬಯಲಿಗೆ ಬೀಳುತ್ತದೆ. ಬೀಳುವುದಾದರೂ ಎಲ್ಲಿ? ನೀರು ಗಂಟೆಗಟ್ಟಲೆ ನಿಲ್ಲುವ ಚೀಲದಲ್ಲಿ. ಅಲ್ಲಿಂದ ಅದು ಒಳಪೊರೆಯ ಜೀವಕೋಶಗಳನ್ನು ಹೊಕ್ಕು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಅಮೀನಿಗೆ ಮೊದಲೇ ಅಸಿಟೈಲ್ ಮುಚ್ಚಳ ಬಿದ್ದುಬಿಟ್ಟರೆ ಒಳ್ಳೆಯದು. ಅದು ಉಗ್ರವಾಗುವ ಹಾದಿಯನ್ನು ಹಿಡಿಯುವುದೇ ಇಲ್ಲ. ನಾಯಿಯ ದೇಹದಲ್ಲಿ ಈ ಮುಚ್ಚಳ ಹಾಕುವ ಕಿಣ್ವವೇ ಇಲ್ಲ. ಹ್ಯೂಪರನ ನಾಯಿಗಳ ಒಗಟು ಬಹುಮಟ್ಟಿಗೆ ಬಿಡಿಸಿದ್ದು ಹೀಗೆ.

ಹಾಗಾದರೆ ಮನುಷ್ಯರಲ್ಲಿ? ಇದಕ್ಕೆ ಸುಳಿವು ಬಂದದ್ದು ಕ್ಷಯರೋಗದ ಕಡೆಯಿಂದ. ೧೯೫೨ರಲ್ಲಿ ಐಸೋನಿಯಾಜಿಡ್ ಎಂಬ ಮಾತ್ರೆ ಬಳಕೆಗೆ ಬಂದು ಕ್ಷಯದ ಚಿಕಿತ್ಸೆಯನ್ನು ಬದಲಾಯಿಸಿತಷ್ಟೆ. ಒಂದೇ ಅಳತೆಯ ಮಾತ್ರೆಯನ್ನು ನುಂಗಿದ ಆರು ಗಂಟೆಗಳ ಮೇಲೆ ರಕ್ತವನ್ನು ಪರೀಕ್ಷಿಸಿದರೆ ಕೆಲವರಲ್ಲಿ ಔಷಧ ಬಹುಪಾಲು ಮಾಯವಾಗಿರುತ್ತಿತ್ತು. ಕೆಲವರಲ್ಲಿ ಸಾಕಷ್ಟು ಉಳಿದಿರುತ್ತಿತ್ತು. ಇದು ತಂದೆತಾಯಿಗಳಿಂದ ಬರುವ ಗುಣವೆಂದು ೧೯೬೦ರಲ್ಲಿ ಪ್ರೈಸ್ ಇವಾನ್ಸ್ ಮತ್ತು ಸಂಗಡಿಗರು ಅನೇಕ ಕುಟುಂಬಗಳನ್ನು ಪರೀಕ್ಷಿಸಿ ತೋರಿಸಿಕೊಟ್ಟರು. ಅಸಿಟೈಲ್ ಅಂಟಿಸುವ ಯಕೃತ್ತಿನ ಕಿಣ್ವ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಮದರಾಸಿನಲ್ಲಿ ೧೯೫೬ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದಲ್ಲಿ ಈ ವಿಷಯವಾಗಿ ಬಹಳ ಕೆಲಸ ನಡೆಯಿತು. ನಿಧಾನದವರಿಗೆ ಆ ಔಷಧದಿಂದ ಕೈಕಾಲು ಜೋಮು ಹಿಡಿಯುವುದು ಹೆಚ್ಚು. ವಾರಕ್ಕೊಮ್ಮೆ ಔಷಧ ಕೊಡುವ ಕ್ರಮದಲ್ಲಿ ಚುರುಕಿನವರಿಗೆ ಗುಣ ಸಿಕ್ಕುವುದು ಕಡಿಮೆ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಧಾನದವರು. ಜಪಾನಿನಲ್ಲಿ ಹತ್ತರಲ್ಲಿ ಒಬ್ಬರು ಮಾತ್ರ.

ಕ್ಷಯದ ಮಾತ್ರೆಗೆ ಮುಚ್ಚಳ ಹಾಕುವ ಕಿಣ್ವವೇ ಬಣ್ಣದ ಅಮೀನಿಗೂ ಮುಚ್ಚಳ ಹಾಕಬೇಕಾದ ಕಿಣ್ವ. ಹಾಗಿದ್ದ ಮೇಲೆ ನಿಧಾನದವರಿಗೆ ಮೂತ್ರಾಶಯದ ಕ್ಯಾನ್ಸರ್ ಹೆಚ್ಚಾಗಿ ಬರಬೇಕಲ್ಲವೆ? ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಬಣ್ಣದ ಕೆಲಸಗಾರರಲ್ಲಿ ಈ ಕ್ಯಾನ್ಸರ್ ಬಂದಿದ್ದ ೨೩ ಮಂದಿಯನ್ನು ಕಾರ್ಟ್‌ರೈಟ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಅವರಲ್ಲಿ ೨೨ ಮಂದಿ ನಿಧಾನದವರಾಗಿದ್ದರು. ೧೯೮೨ರಲ್ಲಿ ಇದು ಪ್ರಕಟವಾದಾಗ ವೈದ್ಯಲೋಕ ಬೆರಗಾಯಿತು.

ಆದರೆ ಪ್ರಕೃತಿ ನಮ್ಮ ಸೂತ್ರಗಳಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಚೀನಾದಲ್ಲಿ ಬೆಂಜಿಡಿನ್ ಒಂದರಲ್ಲೇ ಕೆಲಸ ಮಾಡಿದ್ದವರನ್ನು ಮುಂದೆ ಪರೀಕ್ಷಿಸಿದಾಗ, ನಿಧಾನದವರಿಗೆ ಹೆಚ್ಚಿನ ಅಪಾಯ ಕಾಣಲೇ ಇಲ್ಲ. ಅವರು ಒಂದಿಷ್ಟು ಸುರಕ್ಷಿತರಾಗಿದ್ದಂತೆಯೂ ತೋರಿತು. ಬೆಂಜಿಡಿನ್ ಅಣುವಿಗೆ ಹಲ್ಲು ಎರಡು. ಒಂದಕ್ಕೆ ಮುಚ್ಚಳ ಬಿದ್ದರೂ ಇನ್ನೊಂದು ಉಳಿಯುತ್ತದೆ. ಅಷ್ಟೇ ಅಲ್ಲ, ಆ ಮುಚ್ಚಳವೇ ಅದನ್ನು ಉಗ್ರರೂಪಕ್ಕೆ ಸಾಗಿಸುವ ಒಂದು ಮೆಟ್ಟಿಲಾಗುತ್ತದೆ. ಒಂದು ವಿಷಕ್ಕೆ ಕಾವಲುಗಾರನಾದವನು ಇನ್ನೊಂದಕ್ಕೆ ದಾರಿ ತೋರಿಸುವವನಾದ. 'ವಿಷ ಕಳೆಯುವ ಕಿಣ್ವ' ಎಂಬ ಹೆಸರನ್ನು ಬಳಸುವಾಗ ಈ ಮಾತು ನೆನಪಿರಲಿ.

ಇಷ್ಟು ಹೊತ್ತು ಯಕೃತ್ತಿನ ವಿಚಾರವಾಯಿತು. ಈಗ ಗಂತಿ ಎದ್ದಿರುವ ಸ್ಥಳಕ್ಕೇ ಬರೋಣ. ಮೂತ್ರಾಶಯದ ಒಳಪೊರೆಯಲ್ಲಿಯೂ ಇಂಥ ಕಿಣ್ವಗಳಿರುತ್ತವೆಯೆ? ಗಂತಿಯಲ್ಲಿ ಅವು ಹೆಚ್ಚೋ ಕಡಿಮೆಯೋ?

ಈ ಪ್ರಶ್ನೆಯನ್ನು ತಿಳಿಯಲು ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯೇ ಸಾಕು. ಇದರಲ್ಲಿ ಕಾರ್ಯಕ್ರಮಗಳ ಪಟ್ಟಿ ಅಚ್ಚಾಗಿದೆ. ಅಚ್ಚಾದುದೆಲ್ಲವೂ ಒಂದೇ ಗಳಿಗೆಯಲ್ಲಿ ಪ್ರಸಾರವಾಗುವುದಿಲ್ಲ. ಬೆಳಗ್ಗೆ ವಾದ್ಯಸಂಗೀತ, ಸಂಜೆ ಕೃಷಿಕರ ಕಾರ್ಯಕ್ರಮ, ಹೀಗೆ ಹೊತ್ತಿಗೆ ತಕ್ಕಂತೆ ಒಂದೊಂದು ಹೊರಬೀಳುತ್ತದೆ. ನಮ್ಮ ಜೀವಕೋಶಗಳಲ್ಲಿಯೂ ಹೀಗೆಯೇ. ಯಕೃತ್ತಿನ ಕೋಶದಲ್ಲಿಯೂ ಮೂತ್ರಾಶಯದ ಕೋಶದಲ್ಲಿಯೂ ಇರುವ ವಂಶವಾಹಿಗಳ ಪಟ್ಟಿ ಒಂದೇ. ಯಾವ ಕೋಶದಲ್ಲಿ ಯಾವುದು 'ಪ್ರಸಾರ'ವಾಗಿ ಕಿಣ್ವವಾಗುತ್ತದೆ ಎಂಬುದು ಬೇರೆ ಬೇರೆ. ಇದನ್ನೇ ವಿಜ್ಞಾನಿಗಳು ವಂಶವಾಹಿಯ ಅಭಿವ್ಯಕ್ತಿ ಎನ್ನುವರು. ಪತ್ರಿಕೆಯ ಹಾಳೆಯೇ ಹರಿದುಹೋಗಿದ್ದರೆ ಅದು ಒಂದು ತೊಂದರೆ. ಹಾಳೆಯಿದ್ದೂ ಪ್ರಸಾರ ನಿಂತರೆ ಅದು ಇನ್ನೊಂದು.

ಹಾಳೆಯೇ ಹರಿದುಹೋಗಿರುವ ಉದಾಹರಣೆಯೊಂದುಂಟು. ಗ್ಲುಟಾಥಯೋನನ್ನು ಜೋಡಿಸುವ ಕಿಣ್ವಗಳ ಕೆಲಸವನ್ನು ೧೯೬೧ರಲ್ಲಿ ಇಲಿಯ ಯಕೃತ್ತಿನಲ್ಲಿ ಕಂಡವರು ಬೂತ್, ಬಾಯ್ಲಂಡ್ ಮತ್ತು ಸಿಮ್ಸ್. ಇವರಲ್ಲಿ ಎರಿಕ್ ಬಾಯ್ಲಂಡ್ ಮೂತ್ರಾಶಯದ ಕ್ಯಾನ್ಸರನ್ನು ಕುರಿತೇ ಬಹುಕಾಲ ದುಡಿದವರು. ಈ ಕಿಣ್ವಗಳ ಕುಟುಂಬದಲ್ಲಿ ಎಂ-೧ ಎಂಬ ಒಂದು ಸದಸ್ಯವಿದೆ. ಅದರ ವಂಶವಾಹಿಯೇ ಯೂರೋಪಿನ ಸುಮಾರು ಅರ್ಧದಷ್ಟು ಜನರಲ್ಲಿ ಇಲ್ಲ. ಇಲ್ಲದಿದ್ದರೂ ಅವರು ಆರೋಗ್ಯವಾಗಿಯೇ ಇರುತ್ತಾರೆ. ಉಳಿದ ಸೋದರ ಕಿಣ್ವಗಳು ಹೊರೆ ಹೊರುತ್ತವೆ. ಸ್ಪೇನಿನಲ್ಲಿ ಮೂತ್ರಾಶಯದ ಕ್ಯಾನ್ಸರ್ ಬಂದ ೧,೧೫೦ ರೋಗಿಗಳನ್ನು, ಹೆಚ್ಚುಕಡಿಮೆ ಅಷ್ಟೇ ಮಂದಿ ಇತರರೊಡನೆ ಹೋಲಿಸಿದ ದೊಡ್ಡ ಅಧ್ಯಯನವೊಂದು ೨೦೦೫ರಲ್ಲಿ ಪ್ರಕಟವಾಯಿತು. ಎಂ-೧ ಇಲ್ಲದವರಿಗೆ ಅಪಾಯ ಸುಮಾರು ಶೇಕಡ ೭೦ರಷ್ಟು ಹೆಚ್ಚು. ಅಸಿಟೈಲ್ ಕಿಣ್ವ ನಿಧಾನವಾದವರಿಗೆ ಶೇಕಡ ೪೦ರಷ್ಟು ಹೆಚ್ಚು. ಈ ಎರಡನೆಯ ಅಪಾಯ ಎದ್ದು ಕಂಡದ್ದು ಸಿಗರೇಟು ಸೇದುವವರಲ್ಲಿ. ಎಂದೂ ಸೇದದವರಲ್ಲಿ ಅದು ಕಾಣಲಿಲ್ಲ. ಏಕೆಂದರೆ ತಂಬಾಕಿನ ಹೊಗೆಯಲ್ಲಿಯೂ ಅದೇ ಬೀಟಾ-ನ್ಯಾಫ್ತಿಲಮೀನ್ ಮತ್ತು ಅದರ ಬಂಧುಗಳು ಇವೆ. ಕಾರ್ಖಾನೆಯಲ್ಲಿ ನಿಷೇಧಿಸಿದ್ದನ್ನು ಜನ ಕಿಸೆಯಲ್ಲಿಟ್ಟುಕೊಂಡು ಓಡಾಡುತ್ತಾರೆ.

ಇನ್ನು ಪ್ರಸಾರದ ಮಾತು. ಶಸ್ತ್ರವೈದ್ಯರು ತೆಗೆದ ಗಂತಿಯ ತುಣುಕನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾದ ಪದರಗಳಾಗಿ ಕತ್ತರಿಸುತ್ತಾರೆ. ಒಂದು ಗೊತ್ತಾದ ಕಿಣ್ವಕ್ಕೆ ಮಾತ್ರ ಅಂಟುವ ಪ್ರತಿಕಾಯವನ್ನು ಅದರ ಮೇಲೆ ಹನಿಸಿ, ಆ ಪ್ರತಿಕಾಯ ನಿಂತ ಕಡೆಯಲ್ಲೆಲ್ಲ ಕಂದು ಬಣ್ಣ ಬರುವಂತೆ ಏರ್ಪಾಡು ಮಾಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಿಣ್ವ ಹೆಚ್ಚಿರುವ ಕೋಶಗಳು ಗಾಢವಾಗಿ, ಇಲ್ಲದವು ಪೇಲವವಾಗಿ ಕಾಣುತ್ತವೆ. ಬಣ್ಣದ ಕಾರ್ಖಾನೆಯಲ್ಲಿ ಮೊದಲಾದ ಕಥೆ ಪುನಃ ಬಣ್ಣಕ್ಕೇ ಬಂತು ನೋಡಿ!

ಹೀಗೆ ನೋಡಿದಾಗ ಕಂಡದ್ದೇನು? ಗ್ಲೂಕುರಾನಿಕ್ ಆಮ್ಲವನ್ನು ಕಟ್ಟುವ ಕಿಣ್ವಗಳು ಆರೋಗ್ಯವಾದ ಒಳಪೊರೆಯಲ್ಲಿ ಚೆನ್ನಾಗಿಯೇ ಇರುತ್ತವೆ. ಗಂತಿಗಳಲ್ಲಿ ಅವು ಕಡಿಮೆಯಾಗಿರುವುದನ್ನು ಕಂಡಿದ್ದಾರೆ. ಇದು ನಿರೀಕ್ಷಿಸಿದಂತೆಯೇ ಇದೆ. ಕಾವಲು ಸಡಿಲವಾದ ಕಡೆ ಕಳ್ಳತನ. ಆದರೆ ಗ್ಲುಟಾಥಯೋನ್ ಕಿಣ್ವಗಳಲ್ಲಿ ಪಿ-೧ ಎಂಬುದರ ಸ್ಥಿತಿ ಬೇರೆ. ಮೂತ್ರಾಶಯದ ಒಳಪೊರೆಯಲ್ಲಿ ಮುಖ್ಯವಾದದ್ದು ಇದೇ. ಅನೇಕ ಅಧ್ಯಯನಗಳಲ್ಲಿ ಇದು ಗಂತಿಯಲ್ಲಿ ಕಡಿಮೆಯಾಗುವುದಕ್ಕೆ ಬದಲು ಹೆಚ್ಚೇ ಇದ್ದಿತು. ಪಕ್ಕದ ಮನೆಯೆನ್ನಬಹುದಾದ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನಲ್ಲಾದರೋ ಇದೇ ಪಿ-೧ ಬಹುತೇಕ ರೋಗಿಗಳಲ್ಲಿ ಮಾಯ! ಅಲ್ಲಿ ವಂಶವಾಹಿ ಹರಿದಿಲ್ಲ. ಅದರ ತಲೆಯ ಭಾಗಕ್ಕೆ ಮಿಥೈಲ್ ಎಂಬ ಚಿಕ್ಕ ಗುಂಪುಗಳು ಅಂಟಿಕೊಂಡು, ಎರಡು ಹಾಳೆಗಳು ಗೋಂದಿನಿಂದ ಕಚ್ಚಿಕೊಂಡಂತಾಗಿ ಓದಲು ಬಾರದಾಗಿದೆ. ಇದು ತಿಳಿದದ್ದು ೧೯೯೪ರಲ್ಲಿ. ಒಂದು ಅಂಗದಲ್ಲಿ ಕಿಣ್ವ ಹೋದದ್ದರಿಂದ ಕೇಡು, ನೆರೆಯ ಅಂಗದಲ್ಲಿ ಅದು ಹೆಚ್ಚಿದೆ. ಒಂದರ ತೀರ್ಪನ್ನು ಇನ್ನೊಂದಕ್ಕೆ ಹಚ್ಚಲಾಗದು.

ಗಂತಿಯಲ್ಲಿ ಕಿಣ್ವ ಹೆಚ್ಚಾದರೆ ಸಂತೋಷಪಡಬೇಕೆ? ಖಂಡಿತ ಇಲ್ಲ. ಹುಟ್ಟುವ ಮೊದಲು ಗಂತಿಯನ್ನು ತಡೆಯಬೇಕಾಗಿದ್ದ ಕಾವಲುಗಾರ, ಅದು ಹುಟ್ಟಿದ ಮೇಲೆ ಅದರ ಮನೆಯನ್ನೇ ಕಾಯತೊಡಗುತ್ತಾನೆ. ಕ್ಯಾನ್ಸರಿಗೆ ಕೊಡುವ ಔಷಧವೂ ಕೋಶದ ಮಟ್ಟಿಗೆ ಒಂದು ವಿಷವೇ ಅಲ್ಲವೆ? ಮೂತ್ರಾಶಯದ ಮಾಂಸಪದರಕ್ಕೆ ಇಳಿದ ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಪ್ಲಾಟಿನಮ್ಮಿನ ಔಷಧ ಕೋಶವನ್ನು ಹೊಕ್ಕಾಗ ಗ್ಲುಟಾಥಯೋನ್ ಅದನ್ನು ಹಿಡಿದು ಕಟ್ಟಿ, ಡಿಎನ್‌ಎಯನ್ನು ಮುಟ್ಟಗೊಡದೆ ಹೊರಗೆ ಹಾಕಬಲ್ಲದು. ಇದಲ್ಲದೆ ಪಿ-೧ ಕಿಣ್ವಕ್ಕೆ, ಪೆಟ್ಟು ತಿಂದ ಕೋಶ ತಾನಾಗಿ ಸಾಯುವಂತೆ ಮಾಡುವ ಸಂಕೇತಗಳನ್ನು ಅದುಮಿಡುವ ಶಕ್ತಿಯೂ ಇದೆ. ಔಷಧ ಕೆಲವರಿಗೆ ಏಕೆ ಹಿಡಿಯುವುದಿಲ್ಲ ಎಂಬುದಕ್ಕೆ ಇದು ಒಂದು ಕಾರಣ, ಒಂದೇ ಕಾರಣವಲ್ಲ.

ಅಸಿಟೈಲ್ ಕಿಣ್ವದ ಇನ್ನೊಂದು ರೂಪವೂ ಒಳಪೊರೆಯಲ್ಲಿ ಮನೆ ಮಾಡಿಕೊಂಡಿದೆ. ಯಕೃತ್ತಿನಲ್ಲಿ ಮುಚ್ಚಳ ಹಾಕಿ ಕಾಪಾಡುವ ಕೆಲಸವನ್ನೇ ಈ ತಮ್ಮ ಮೂತ್ರಾಶಯದಲ್ಲಿ ಮಾಡುತ್ತಾನೆ. ಆದರೆ ಇಲ್ಲಿಗೆ ಬರುವಷ್ಟರಲ್ಲಿ ಅಮೀನಿಗೆ ಆಮ್ಲಜನಕ ತಗುಲಿರುತ್ತದೆ. ಆ ಆಮ್ಲಜನಕದ ಮೇಲೆ ಅಸಿಟೈಲ್ ಕೂತರೆ ಅದು ಮುಚ್ಚಳವಾಗದೆ ಸಿಡಿಮದ್ದಿನ ಬತ್ತಿಯಾಗುತ್ತದೆ. ಒಂದೇ ಕೆಲಸ, ಅಣ್ಣ ಮಾಡಿದರೆ ರಕ್ಷಣೆ, ತಮ್ಮ ಮಾಡಿದರೆ ಅನಾಹುತ.

ಇದನ್ನು ಓದಿ ನೀವು, 'ನನ್ನ ಕಿಣ್ವಗಳು ಚುರುಕೋ ನಿಧಾನವೋ ಪರೀಕ್ಷೆ ಮಾಡಿಸಬೇಕೆ?' ಎಂದು ಕೇಳಬಹುದು. ಬೇಡ. ನಿಧಾನದ ಕಿಣ್ವದಿಂದ ಬರುವ ಹೆಚ್ಚಳ ಶೇಕಡ ೪೦. ಸಿಗರೇಟಿನಿಂದಾದರೆ ಅಪಾಯ ಮೂರು ನಾಲ್ಕು ಮಡಿಯಾಗುತ್ತದೆ. ಕಿಣ್ವವನ್ನು ಬದಲಾಯಿಸಲು ಬರುವುದಿಲ್ಲ, ಸಿಗರೇಟನ್ನು ಬಿಡಲು ಬರುತ್ತದೆ. ಬಿಟ್ಟ ಮೇಲೆ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದರೆ ಎಂದೂ ಸೇದದವರ ಮಟ್ಟಕ್ಕೆ ಬೇಗನೆ ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಬೆಂಜಿಡಿನ್ ಮೂಲದ ಬಣ್ಣಗಳನ್ನು ಸರ್ಕಾರ ೧೯೯೦ರ ದಶಕದಲ್ಲಿ ನಿಷೇಧಿಸಿತು. ಅದಕ್ಕೆ ಮುಂಚೆ ಬಣ್ಣ, ರಬ್ಬರು ಇಂಥ ಕೆಲಸಗಳಲ್ಲಿ ವರ್ಷಗಟ್ಟಲೆ ಕೈಯಾಡಿಸಿದ ಹಿರಿಯರು ಮನೆಯಲ್ಲಿದ್ದರೆ, ವೈದ್ಯರ ಹತ್ತಿರ ಹೋದಾಗ ಆ ಹಳೆಯ ಕೆಲಸವನ್ನು ಹೇಳಲು ಮರೆಯಬಾರದು. ವೈದ್ಯರು ತಾವಾಗಿ ಕೇಳುವುದು ಅಪರೂಪ.

ಈ ಕ್ಯಾನ್ಸರಿನ ಮೊದಲ ಗುರುತು ಸಾಮಾನ್ಯವಾಗಿ ನೋವಿಲ್ಲದೆ ಮೂತ್ರದಲ್ಲಿ ಕಾಣುವ ರಕ್ತ. ಹೆಂಗಸರಿಗಿಂತ ಗಂಡಸರಲ್ಲಿ ಈ ರೋಗ ಮೂರು ನಾಲ್ಕು ಪಟ್ಟು ಹೆಚ್ಚು. ಆದರೆ ಹೆಂಗಸರು ಇಂಥ ರಕ್ತವನ್ನು ಮುಟ್ಟಿನದೋ ಉರಿಮೂತ್ರದ್ದೋ ಎಂದುಕೊಂಡು ಸುಮ್ಮನಾಗುವುದರಿಂದ ಅವರಲ್ಲಿ ತಡವಾಗಿ ಪತ್ತೆಯಾಗುವುದುಂಟು. ರಕ್ತ ಒಂದು ದಿನ ಕಂಡು, ಆಮೇಲೆ ವಾರಗಟ್ಟಲೆ ಕಾಣದೆ ಹೋಗುವುದೂ ಸಾಮಾನ್ಯ. 'ನಿಂತುಹೋಯಿತು, ಉಷ್ಣವಾಗಿತ್ತು, ಎಳನೀರು ಕುಡಿದೆ' ಎಂದು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಬೀಟ್‌ರೂಟ್ ತಿಂದ ಮರುದಿನವೂ ಮೂತ್ರ ಕೆಂಪಾಗಬಹುದು, ನಿಜ. ತಿನ್ನದಿದ್ದಾಗಲೂ ಕೆಂಪಾದರೆ ಒಮ್ಮೆಯಾದರೂ ಸರಿ, ತೋರಿಸಿಕೊಳ್ಳಬೇಕು. ದೀಪವಿರುವ ಸಣ್ಣ ನಳಿಕೆಯೊಂದನ್ನು ಮೂತ್ರನಾಳದ ಮೂಲಕ ತೂರಿಸಿ ಮೂತ್ರಾಶಯದ ಒಳಗನ್ನು ಕಣ್ಣಾರೆ ನೋಡುತ್ತಾರೆ. ಜಾಗವನ್ನು ಜೋಮು ಬರಿಸಿ ಮಾಡುವ ಈ ಪರೀಕ್ಷೆ ಕೆಲವು ನಿಮಿಷಗಳ ಕೆಲಸ. ಗಂತಿ ಒಳಪೊರೆಯಲ್ಲಿಯೇ ಇದ್ದರೆ ಅದೇ ದಾರಿಯಲ್ಲಿ ಕೆರೆದು ತೆಗೆಯಬಹುದು. ಮತ್ತೆ ಬರದಿರಲೆಂದು ಎಷ್ಟೋ ರೋಗಿಗಳಿಗೆ ಆಮೇಲೆ ಮೂತ್ರಾಶಯದೊಳಕ್ಕೆ ತುಂಬುವುದು ೧೯೭೬ರಿಂದ ಬಳಕೆಗೆ ಬಂದ ಒಂದು ಹಳೆಯ ಪರಿಚಯದ ಮದ್ದನ್ನು: ಎಳೆಯ ಮಕ್ಕಳ ತೋಳಿಗೆ ಕ್ಷಯದ ವಿರುದ್ಧ ಹಾಕುವ ಬಿಸಿಜಿಯನ್ನೇ.